ಕಾಯ್ ರಾಂಗ್ ತೇಲುವ ಸಂತೆಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ತುಂಗಾತೀರ: ಅಪ್ಪ ಅಮ್ಮನ ಜೊತೆ ವಿಯೆಟ್ನಾಂಗೆ ಹೋಗುತ್ತಿದ್ದೇವೆ. ಅಮ್ಮನಿಗೆ ಕಾಯ್ ರಾಂಗ್ ದೋಣಿ ಸಂತೆ ನೋಡುವ ಆಸೆ. ಹೋ ಚಿ ಮಿನ್ ನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದಾ? ನಾವು ಸಸ್ಯಾಹಾರಿಗಳು.

ಮಂಡಿಮನೆ: ದಯವಿಟ್ಟು ಹಾಗೆ ಮಾಡಬೇಡಿ. ಈ ಸಂತೆ ಇರುವ ಕಾನ್ ಥೋ ನಗರ ಅಲ್ಲಿಂದ ಸುಮಾರು 170 ಕಿ.ಮೀ. ನೀವು ತಲುಪುವ ಹೊತ್ತಿಗೆ ಸಂತೆ ಮುಗಿದಿರುತ್ತದೆ. ಹಿಂದಿನ ರಾತ್ರಿಯೇ ಹೋಗಿ ಉಳಿದು, ನಿನ್ ಕಿಯೂ ದಂಡೆಯಿಂದ ಐದು ಗಂಟೆಗೆಲ್ಲ ದೋಣಿ ಹತ್ತಿ.

ನಮ್ಮದು ಕೋಲಾರದಲ್ಲಿ ತರಕಾರಿ ಮಂಡಿ. ಹಾಗಾಗಿ ನಾನು ವ್ಯಾಪಾರವನ್ನೇ ನೋಡುತ್ತಾ ನಿಂತೆ. ಅದು ಸಗಟು ಸಂತೆ. ದೊಡ್ಡ ದೋಣಿಗಳು ಮಾಲು ಖಾಲಿಯಾಗುವವರೆಗೆ ದಿನಗಟ್ಟಲೆ ಲಂಗರು ಹಾಕಿರುತ್ತವೆ. ಸಂಸಾರವೂ ಅದರಲ್ಲೇ. ಪ್ರತಿ ದೋಣಿಯಲ್ಲೂ ಒಂದು ಉದ್ದನೆ ಬಿದಿರು ಗಳ, ಅದರ ತುದಿಗೆ ಮಾರುವ ಮಾಲಿನ ಮಾದರಿ: ಸಿಹಿಗುಂಬಳ, ಅನಾನಸ್, ಗೆಣಸು. ದೂರದಿಂದಲೇ ಗೊತ್ತಾಗುತ್ತದೆ, ಕೂಗುವುದೇ ಬೇಡ. ಗಳಕ್ಕೆ ತೆಂಗಿನ ಗರಿ ಕಟ್ಟಿದ್ದರೆ ದೋಣಿಯೇ ಮಾರಾಟಕ್ಕಿದೆ ಅಂತ ಲೆಕ್ಕ. ಕಲ್ಲಂಗಡಿಯನ್ನು ಈ ದೋಣಿಯಿಂದ ಆ ದೋಣಿಗೆ ಎಸೆಯುತ್ತಾರೆ, ಹಿಡಿಯುವವನು ಬಾಯಲ್ಲಿ ಎಣಿಸುತ್ತಲೇ ಜೋಡಿಸುತ್ತಾನೆ. ನಮ್ಮ ಹಮಾಲರಿಗೆ ತೋರಿಸಬೇಕು ಅನ್ನಿಸಿತು!

ಪಯಣಿಗ: ಈಗ ಅಲ್ಲಿ ದೋಣಿಗಿಂತ ಪ್ರವಾಸಿಗರೇ ಜಾಸ್ತಿ ಅಂತಾರೆ. ನಿಜವಾ?

ಮಂಡಿಮನೆ: ದೋಣಿಗಳು ಕಡಿಮೆಯಾಗಿರುವುದು ನಿಜ. 2010ರಲ್ಲಿ ಹಾವ್ ನದಿಗೆ ಕಾನ್ ಥೋ ಸೇತುವೆ ಆಯಿತು, ರಸ್ತೆಗಳೂ ಬಂದವು. ತೋಟದ ಬಾಗಿಲಿಗೇ ಲಾರಿ ಬಂದರೆ ರೈತ ದೋಣಿಗೆ ಯಾಕೆ ಹಾಕುತ್ತಾನೆ? 2016ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆ ಅಂತ ಘೋಷಿಸಿತು. ಆದರೆ ಸಂತೆ ಉಳಿಯುವುದು ವ್ಯಾಪಾರ ಇದ್ದರೆ ಮಾತ್ರ, ಅಲ್ವಾ? ಆದ್ದರಿಂದ ಸುಮ್ನೆ ಫೋಟೋ ಹೊಡೆದು ಬರಬೇಡಿ, ಏನಾದರೂ ಕೊಳ್ಳಿ. ಚಿಕ್ಕ ದೋಣಿಯವರು ಪಕ್ಕಕ್ಕೇ ಬಂದು ಅನಾನಸ್ ಸಿಪ್ಪೆ ಸುತ್ತಾಗಿ ಕೆತ್ತಿ, ಕಾಂಡ ಹಿಡಿದು ತಿನ್ನುವ ಹಾಗೆ ಕೊಡುತ್ತಾರೆ.

ತುಂಗಾತೀರ: ಧನ್ಯವಾದ ಅಣ್ಣ, ರಾತ್ರಿ ಅಲ್ಲೇ ಉಳಿಯುತ್ತೇವೆ. ಊಟ?

ಮಂಡಿಮನೆ: ದೋಣಿಯಲ್ಲಿ ಸಿಗುವ ನೂಡಲ್ಸ್ ಸಾರು ಸಾಮಾನ್ಯವಾಗಿ ಮಾಂಸದ್ದು, ಬೇಡ. ಹಣ್ಣು, ಕಾಫಿಗೆ ಮೋಸವಿಲ್ಲ. ಊರೊಳಗೆ 'ಚಾಯ್' ಅಂತ ಬೋರ್ಡ್ ಇರುವ ಹೋಟೆಲ್ ಹುಡುಕಿ, ಅದು ಸಸ್ಯಾಹಾರ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿಯವರೂ ಬಹಳ ಜನ ಮಾಂಸ ಬಿಡುತ್ತಾರೆ, ಆಗ ಇನ್ನೂ ಸುಲಭ. ಚಿಲ್ಲರೆ ಡಾಂಗ್ ನೋಟು ಇಟ್ಟುಕೊಳ್ಳಿ. ಅಮ್ಮನಿಗೆ ತಲೆಗೊಂದು ಟೋಪಿ ಇರಲಿ, ಏಳರ ಬಿಸಿಲೇ ಸುಡುತ್ತದೆ.