ಸೊರಗು ರೋಗ ತಡೆಯೋ ಜಿಎಂ (ಕುಲಾಂತರಿ) ಬಾಳೆ ಬಂದಿದೆಯಂತೆ, ನಮ್ಮ ರಸಬಾಳೆಗೂ ಆಗುತ್ತಾ?

ಕಪಿಲಾತೀರ:
ನಮಸ್ಕಾರ ಎಲ್ರಿಗೂ. ನಮ್ದು ನಂಜನಗೂಡು ಕಡೆ. ತಾತನ ಕಾಲದಲ್ಲಿ ತೋಟದ ತುಂಬ ರಸಬಾಳೆನೇ, ಆಮೇಲೆ ಸೊರಗು ರೋಗ ಬಂದು ಒಂದೊಂದೇ ಗಿಡ ಹೋಗಿ ಕೊನೆಗೆ ಅಪ್ಪ ಕಬ್ಬು ಹಾಕಿದ್ರು. ನಾನು ಹಠ ಹಿಡಿದು ಅದೇ ಜಾಗದಲ್ಲಿ ನೂರು ಟಿಶ್ಯೂ ಕಲ್ಚರ್ ಸಸಿ (ಲ್ಯಾಬಲ್ಲಿ ಬೆಳೆಸಿದ್ದು) ನೆಟ್ಟೆ, ಚೆನ್ನಾಗೇ ಬಂತು, ಗೊನೆ ಹಾಕೋ ಹೊತ್ತಿಗೆ ಕೆಳಗಿನ ಎಲೆ ಹಳದಿಯಾಗಿ ಜೋತುಬಿತ್ತು, ಬುಡ ಸೀಳ್ತು, ಕಡಿದು ನೋಡಿದ್ರೆ ಒಳಗೆಲ್ಲ ಕಂದು ಗೆರೆ. ತುಂಬ ಸಂಕಟ ಆಯ್ತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಜಿಎಂ ಬಾಳೆ ಮಾಡಿದಾರಂತೆ, ನಿಜಾನಾ? ನಮಗೆ ಸಿಗುತ್ತಾ?

ಎಲೆಚುಕ್ಕೆ:
ನಿಜ ಸರ್. ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ಜೇಮ್ಸ್ ಡೇಲ್ ಅವರ ತಂಡ ಮಾಡಿದ್ದು, ಹೆಸರು ಕ್ಯೂಕ್ಯಾವ್-4. ಕಾಡುಬಾಳೆಯ ಆರ್‌ಜಿಎ2 ಅನ್ನೋ ಜೀನ್ ತಂದು ಪಚ್ಚಬಾಳೆ ಜಾತಿಯ ಕ್ಯಾವೆಂಡಿಷ್‌ಗೆ ಸೇರಿಸಿದಾರೆ. ಈ ಜೀನ್ ಕ್ಯಾವೆಂಡಿಷ್‌ನಲ್ಲೂ ಇದೆ, ಆದ್ರೆ ಅಲ್ಲಿ ಅದರ ಕೆಲಸ ತೀರಾ ಕಮ್ಮಿ. 2012ರಿಂದ ರೋಗ ಇರೋ ಮಣ್ಣಲ್ಲೇ ಬೆಳೆಸಿ ನೋಡಿ, 2024ರ ಫೆಬ್ರವರಿಲಿ ಬೆಳೆಯೋಕೆ ತಿನ್ನೋಕೆ ಎರಡಕ್ಕೂ ಪರ್ಮಿಷನ್ ಸಿಕ್ತು.
ಆದ್ರೆ ಸೊರಗು ರೋಗ ತರೋ ಶಿಲೀಂಧ್ರದಲ್ಲೇ ಬೇರೆ ಬೇರೆ ತಳಿ ಇವೆ, ಅದು ಟಿಆರ್4 ಅನ್ನೋ ತಳಿಗೆ. ರಸಬಾಳೆನ ಹಾಳು ಮಾಡಿದ್ದು ರೇಸ್ 1 ಅನ್ನೋ ಇನ್ನೊಂದು ತಳಿ. ಮಧ್ಯ ಅಮೆರಿಕ ಕಡೆ ಗ್ರೋ ಮಿಷೆಲ್ ಅನ್ನೋ ಹಳೇ ಜಾತಿ ಬಾಳೆನ ಮುಗಿಸಿದ್ದೂ ಅದೇ, ಆಗ ಅದನ್ನ ತಡ್ಕೊಳ್ಳುತ್ತೆ ಅಂತಾನೇ ಕ್ಯಾವೆಂಡಿಷ್ ಬಂದಿದ್ದು. ಹಾಗಾಗಿ ಆ ಗಿಡ ತಂದ್ರೂ ನಿಮಗೆ ಸಿಗೋದು ಪಚ್ಚಬಾಳೆ ಥರದ್ದೇ, ರಸಬಾಳೆ ಅಲ್ಲ. ರಸಬಾಳೆ ಮೇಲೆ ಬೇರೆಯಾಗೇ ಕೆಲಸ ಆಗ್ಬೇಕು.

ಮಲ್ಲಿಗೆಹಳ್ಳಿ:
ಜೀನ್ ಯಾಕೆ ಸೇರಿಸ್ಬೇಕು, ಕಾಡುಬಾಳೆ ಜೊತೆ ಕ್ರಾಸ್ ಮಾಡಬಹುದಲ್ವಾ?

ಎಲೆಚುಕ್ಕೆ:
ಮೇಡಂ, ನಾವು ತಿನ್ನೋ ಬಾಳೆಲಿ ಬೀಜನೇ ಕಟ್ಟಲ್ವಲ್ಲ, ಕಂದಿನಿಂದಲೇ ಬೆಳೆಯೋದು, ಹಂಗಾಗಿ ಕ್ರಾಸ್ ಮಾಡೋದು ಬಹಳ ಕಷ್ಟ, ಮಾಡಿದ್ರೂ ರಸಬಾಳೆ ರುಚಿ ಉಳಿಯೋದು ಅನುಮಾನ. ನನಗೆ ಜಿಎಂ ಇಷ್ಟ ಆಗೋದು ಇದಕ್ಕೇ, ರುಚಿ ಹಂಗೇ ಇಟ್ಕೊಂಡು ಒಂದು ಗುಣ ಸೇರಿಸಬಹುದು. ನಮ್ಮಲ್ಲಿ ಪರ್ಮಿಷನ್ ಮಾತ್ರ ಸುಲಭ ಇಲ್ಲ, 2002ರಲ್ಲಿ ಬಿಟಿ ಹತ್ತಿ (ಹುಳು ತಡೆಯೋ ಜಿಎಂ ಹತ್ತಿ) ಬಂತು, ಬಿಟಿ ಬದನೆ 2010ರಲ್ಲೇ ನಿಂತೋಯ್ತು.

ಹಳೇತೋಟ:
ಅಣ್ಣ, ಟಿಶ್ಯೂ ಕಲ್ಚರ್ ಸಸಿ ಅಂದ್ರೆ ರೋಗ ಇಲ್ಲದ ಸಸಿ ಅಷ್ಟೇ, ರೋಗ ತಡೆಯೋ ಸಸಿ ಅಲ್ಲ. ಈ ಶಿಲೀಂಧ್ರದ ಬೀಜಕಣ ಮಣ್ಣಲ್ಲಿ ಹತ್ತಾರು ವರ್ಷ ಸುಮ್ನೆ ಕೂತಿರುತ್ತೆ, ಕಬ್ಬು ಹಾಕಿದ್ರೂ ಹೋಗಲ್ಲ, ಬೇರಿಂದ ಒಳಗೆ ಹೋಗಿ ನೀರಿನ ನಾಳ ಕಟ್ಟಿಬಿಡುತ್ತೆ, ಔಷಧಿ ಹೊಡೆದ್ರೂ ವಾಸಿ ಆಗಲ್ಲ. ಟ್ರೈಕೋಡರ್ಮಾ ಅನ್ನೋ ಒಳ್ಳೇ ಶಿಲೀಂಧ್ರನ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕಿ, ಸ್ವಲ್ಪ ತಡೆಯುತ್ತೆ. ಅಲ್ಲಿಂದ ಒಂದು ಕಂದೂ ಆಚೆ ಕೊಡಬೇಡಿ. ಗುದ್ದಲಿ, ಟ್ರ್ಯಾಕ್ಟರ್ ಗಾಲಿ, ಚಪ್ಪಲಿ ಮಣ್ಣಲ್ಲೂ ಹೋಗುತ್ತೆ.

ಕಪಿಲಾತೀರ:
ಅಯ್ಯೋ, ಅಲ್ಲಿದ್ದ ಕಂದನ್ನ ಭಾವಮೈದುನಂಗೆ ಕೊಟ್ಟಿದೀನಿ, ಇನ್ನೂ ನೆಟ್ಟಿಲ್ಲ ಅನ್ಸುತ್ತೆ. ಈಗಲೇ ಫೋನ್ ಮಾಡ್ತೀನಿ.