ಪದಚರ್ಚೆ: ತಪ್ಪಲ್ಲದ ಅಪಸ್ವರಕ್ಕೆ ಕನ್ನಡದಲ್ಲಿ ಹೆಸರೇನು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಎರಡು ವಾರದಿಂದ ಒಂದು ಪದದ ಕೈಗೆ ಸಿಕ್ಕಿಬಿದ್ದಿದ್ದೇನೆ. ಪದ ಇಂಗ್ಲಿಷಿನ ‘ಡಿಸ್ಕಾರ್ಡ್’, ಒಂದಕ್ಕೊಂದು ಹೊಂದದ ಸ್ವರಗಳ ಸದ್ದು. ನಿಘಂಟು ನೋಡಿ ಎಂದು ದಯವಿಟ್ಟು ಹೇಳಬೇಡಿ; ನೋಡಿಯೇ ಕೆಟ್ಟಿದ್ದೇನೆ.

ಸಂದರ್ಭ ಇದು. ತಿಂಗಳಿಗೊಮ್ಮೆ ಸೇರಿ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುವ ಒಂದು ಪುಟ್ಟ ಗುಂಪು ನಮ್ಮದು. ಈ ಸಲದ ಸರದಿ ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್‌ನದು. ಅವನೂ ಬಿಲ್ಲಿ ಸ್ಟ್ರೇಹಾರ್ನ್ ಎಂಬ ಅವನ ಒಡನಾಡಿಯೂ ಕೂಡಿ ಶೇಕ್ಸ್‌ಪಿಯರ್‌ನ ಪಾತ್ರಗಳನ್ನು ಇಟ್ಟುಕೊಂಡು ಹನ್ನೆರಡು ತುಣುಕುಗಳ ಒಂದು ಜಾಝ್ ಮಾಲಿಕೆ ಕಟ್ಟಿದರು. 1956ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ಊರಿನ ಶೇಕ್ಸ್‌ಪಿಯರ್ ನಾಟಕೋತ್ಸವದಲ್ಲಿ ತಂಡ ನುಡಿಸಿ ಬಂದಿತ್ತು. ಅಲ್ಲಿ ಹತ್ತಿದ ಗುಂಗು ಇದು. 1957ರ ಏಪ್ರಿಲ್ 28ರಂದು ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಮೊದಲ ಸಲ ನುಡಿಸಿದರು. ಹೆಸರು ‘ಸಚ್ ಸ್ವೀಟ್ ಥಂಡರ್’. ಕೇಳಲು ಬರುವವರ ಕೈಗೆ ಕೊಡುವ ಎರಡು ಪುಟದ ಕನ್ನಡ ಟಿಪ್ಪಣಿ ನನ್ನ ಪಾಲಿಗೆ ಬಂದಿದೆ. ಹೆಸರಿನಲ್ಲೇ ಎಡವಿದೆ.

ಈ ಹೆಸರು ಬಂದದ್ದು ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ನಾಲ್ಕನೆಯ ಅಂಕದಿಂದ. ಬೆಳಗಿನ ಜಾವ, ಥೀಸಿಯಸ್ ದೊರೆ ಬೇಟೆಗೆ ಹೊರಟಿದ್ದಾನೆ. ಬೆಟ್ಟದ ತುದಿಗೆ ಹೋಗಿ ನಿಂತು ನಾಯಿಗಳ ಕೂಗನ್ನೂ ಅದರ ಮಾರ್ದನಿಯನ್ನೂ ಕೇಳೋಣ ಎಂದು, ತಾನು ಮದುವೆಯಾಗಲಿರುವ ಹಿಪಾಲಿಟಳನ್ನು ಕರೆಯುತ್ತಾನೆ. ಅವಳಿಗೆ ಹಳೆಯದೊಂದು ಬೇಟೆ ನೆನಪಾಗುತ್ತದೆ. ಕ್ರೀಟಿನ ಕಾಡಿನಲ್ಲಿ ಹರ್ಕ್ಯುಲಿಸನ ಜೊತೆಗಿದ್ದಾಗ ಸ್ಪಾರ್ಟಾದ ನಾಯಿಗಳ ಕೂಗಿಗೆ ತೋಪು, ಬಾನು, ಬುಗ್ಗೆ ಎಲ್ಲವೂ ಸೇರಿ ಒಂದೇ ಕೂಗಾಯಿತು ಎನ್ನುತ್ತಾಳೆ. ಆಮೇಲೆ ಬರುವುದೇ ಈ ಮಾತು: ‘ಸೋ ಮ್ಯೂಸಿಕಲ್ ಎ ಡಿಸ್ಕಾರ್ಡ್, ಸಚ್ ಸ್ವೀಟ್ ಥಂಡರ್’. ಎಂಥ ಸಂಗೀತಮಯ ಡಿಸ್ಕಾರ್ಡ್, ಎಂಥ ಇಂಪಾದ ಗುಡುಗು ಎಂದು. ಅಂದರೆ ಇಲ್ಲಿ ಗುಡುಗುತ್ತಿರುವುದು ಮೋಡವಲ್ಲ, ನಾಯಿಯ ಹಿಂಡು. ಥೀಸಿಯಸ್ ಬಿಡುತ್ತಾನೆಯೇ? ನನ್ನ ನಾಯಿಗಳು ಓಟದಲ್ಲಿ ನಿಧಾನ, ಆದರೆ ಅವುಗಳ ಗಂಟಲು ನೋಡು, ಗಂಟೆಗಳ ಹಾಗೆ ಒಂದರ ಕೆಳಗೊಂದು ಹೊಂದಿಸಿವೆ ಎಂದು ಹೆಚ್ಚಳ ಕೊಚ್ಚುತ್ತಾನೆ. ಕಾಲು ನೋಡದೆ ಗಂಟಲು ನೋಡಿ ನಾಯಿ ಸಾಕಿದ ದೊರೆ! ಎಲಿಂಗ್ಟನ್ ಕೂಡ ವಾದ್ಯಕ್ಕೆ ಬರೆಯುತ್ತಿರಲಿಲ್ಲ, ತನ್ನ ತಂಡದ ಇಂಥವನ ತುಟಿಗೆ, ಇಂಥವನ ಉಸಿರಿಗೆ ಎಂದು ಬರೆಯುತ್ತಿದ್ದ. ಹೋಲಿಕೆ ಸ್ವಲ್ಪ ಒರಟಾಯಿತು, ಟಿಪ್ಪಣಿಯಲ್ಲಿ ಹಾಕುವುದಿಲ್ಲ.

ಈಗ ‘ಡಿಸ್ಕಾರ್ಡ್’. ಮೊದಲು ಬರುವುದು ‘ಅಪಸ್ವರ’. ಆದರೆ ಈ ಪದ ತೀರ್ಪು ಬರೆದುಕೊಂಡೇ ಬಾಗಿಲಿಗೆ ಬರುತ್ತದೆ. ‘ಅಪ’ ಸೇರಿದ ಮೇಲೆ ಅದು ತಪ್ಪು, ಮುಗಿಯಿತು. ಪತ್ರಿಕೆಗಳು ಅದನ್ನು ಇನ್ನಷ್ಟು ಸವೆಸಿವೆ: ಪಕ್ಷದಲ್ಲಿ ಅಪಸ್ವರ ಎಂದರೆ ಯಾರಿಗೋ ಟಿಕೆಟ್ ಸಿಕ್ಕಿಲ್ಲ; ಸಮಾರಂಭದಲ್ಲಿ ಅಪಶ್ರುತಿ ಎಂದರೆ ಪೆಂಡಾಲು ಕುಸಿದಿದೆ. ‘ಇಂಪಾದ ಅಪಸ್ವರ’ ಎಂದು ಬರೆದು ನೋಡಿದೆ. ವಿರೋಧಾಭಾಸ ಎಂದು ಯಾರೂ ಮೆಚ್ಚುವುದಿಲ್ಲ, ಬರೆದವನಿಗೆ ಸಂಗೀತ ಗೊತ್ತಿಲ್ಲ ಎಂದುಕೊಳ್ಳುತ್ತಾರೆ.

ವೀಣೆ ಕಲಿತ ನನ್ನ ಸೋದರತ್ತೆಗೆ ಮಾಲಿಕೆಯ ಹ್ಯಾಮ್ಲೆಟ್ ತುಣುಕನ್ನು ಕೇಳಿಸಿದೆ. ಹುಚ್ಚು ನಟಿಸುವ ರಾಜಕುಮಾರನನ್ನು ಕುರಿತದ್ದು. ವಾದ್ಯಗಳು ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುತ್ತವೆ, ನಡುವೆ ತಟಕ್ಕನೆ ನಿಲ್ಲುತ್ತವೆ, ಕೊನೆಯಲ್ಲಿ ಕ್ಯಾಟ್ ಆಂಡರ್ಸನ್‌ನ ಟ್ರಂಪೆಟ್ ಕಿವಿ ಹಿಡಿಸಲಾರದಷ್ಟು ಮೇಲಕ್ಕೆ ಹೋಗುತ್ತದೆ.

‘ಇದು ಅಪಸ್ವರವೇ ಅತ್ತೆ?’ ಎಂದು ಕೇಳಿದೆ.

‘ಅಲ್ಲವೋ. ಅಪಸ್ವರ ಎಂದರೆ ಕೈತಪ್ಪಿ ಬಿದ್ದದ್ದು. ಇವರು ಆ ಜಾಗವನ್ನು ಹುಡುಕಿಕೊಂಡು ಹೋಗಿ ಕೂತಿದ್ದಾರೆ.’

‘ಹಾಗಾದರೆ ಇದಕ್ಕೆ ಏನೆನ್ನಬೇಕು?’

‘ಅದು ನಿನ್ನ ಕೆಲಸ. ಸದ್ದು ಸ್ವಲ್ಪ ಕಡಿಮೆ ಮಾಡು, ಕುಕ್ಕರ್ ಎಷ್ಟು ಸಲ ಕೂಗಿತೋ ತಿಳಿಯಲಿಲ್ಲ.’

ಹುಡುಕಿಕೊಂಡು ಹೋಗಿ ಕೂತ ಸ್ವರ. ಅದಕ್ಕೆ ಬೇಕಾದ ಪದ ನಮ್ಮ ಶಾಸ್ತ್ರದಲ್ಲೇ ಇದೆ ಎಂದು ಆ ರಾತ್ರಿ ಹೊಳೆಯಿತು: ‘ವಿವಾದಿ’. ವಾದಿ, ಸಂವಾದಿ, ಅನುವಾದಿ, ವಿವಾದಿ ಎಂಬ ನಾಲ್ಕನ್ನು ಹಳೆಯ ಲಕ್ಷಣಗ್ರಂಥಗಳು ನಾಟಕದ ಪಾತ್ರಗಳ ಹಾಗೆ ವಿವರಿಸುತ್ತವೆ. ವಾದಿ ಅರಸ, ಸಂವಾದಿ ಮಂತ್ರಿ, ಅನುವಾದಿ ಪರಿಚಾರಕ, ವಿವಾದಿ ಶತ್ರು. (ಅನುವಾದ ಮಾಡುವವರ ಸ್ಥಾನ ಯಾವುದೆಂದು ಶಾಸ್ತ್ರಕಾರರಿಗೆ ಆಗಲೇ ಗೊತ್ತಿತ್ತು ನೋಡಿ.) ಶತ್ರು ಎಂದರೂ ಹೊರಗೆ ಹಾಕಿಲ್ಲ. ಕರ್ನಾಟಕ ಸಂಗೀತದ 72 ಮೇಳಗಳಲ್ಲಿ, ಅಂದರೆ ಮೂಲರಾಗಗಳಲ್ಲಿ, 40 ವಿವಾದಿ ಮೇಳಗಳು. ಕಚೇರಿಯ ಆರಂಭದಲ್ಲಿ ಎಷ್ಟು ಸಲ ನಾಟ ರಾಗ ಕೇಳಿಲ್ಲ ನಾವು? ಅದರ ಷಟ್‌ಶ್ರುತಿ ರಿಷಭ ವಿವಾದಿಯೇ. ಆ ರಿಷಭವನ್ನು ತೆಗೆದರೆ ರಾಗದ ಮೀಸೆ ಬೋಳಿಸಿದ ಹಾಗೆ.

ಇನ್ನೊಂದು ಲಾಭವಿದೆ. ‘ಡಿಸ್ಕಾರ್ಡ್’ಗೆ ಇಂಗ್ಲಿಷಿನಲ್ಲಿ ಸ್ವರದ ಅರ್ಥದ ಜೊತೆಗೆ ಜಗಳದ ಅರ್ಥವೂ ಉಂಟು, ವಿವಾದ–ವಿವಾದಿಯೂ ಹಾಗೆಯೇ. ಆ ನಾಟಕ ನಡೆಯುವುದೇ ಓಬೆರಾನ್–ಟಿಟಾನಿಯಾ ದಂಪತಿಯ ಜಗಳದಿಂದ. ‘ಇಷ್ಟು ಇಂಪಾದ ವಿವಾದ’ ಎಂದರೆ ಎರಡೂ ಕಡೆ ತಾಗುತ್ತದೆ.

ಆದರೂ ಕೈ ತಡೆಯುತ್ತದೆ. ಒಂದು, ವಿವಾದಿ ಒಂದು ಸ್ವರದ ಹಿಂದೆ ಇನ್ನೊಂದು ಬರುವ ರಾಗದ ಮಾತು. ಎಲಿಂಗ್ಟನ್‌ನಲ್ಲಿ ಹೊಂದದ ಸ್ವರಗಳು ಏಕಕಾಲಕ್ಕೆ, ಒಂದರ ಮೇಲೊಂದು ಬೀಳುತ್ತವೆ. ಶಾಸ್ತ್ರ ಬಲ್ಲವರು ಇದು ವಿವಾದಿ ಹೇಗಾಗುತ್ತದೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎರಡು, ಶಾಸ್ತ್ರ ಗೊತ್ತಿಲ್ಲದವರಿಗೆ ‘ವಿವಾದ’ ಎಂದರೆ ಜಮೀನಿನದು, ಗಡಿಯದು, ನೀರಿನದು. ಬೇಟೆನಾಯಿಗಳು ನ್ಯಾಯಾಲಯಕ್ಕೆ ಹೋದಂತೆ ಕಾಣುತ್ತದೆ.

ಹಾಗಾಗಿ ಸಾದಾ ಕನ್ನಡದಲ್ಲಿ ಹುಡುಕಿದೆ. ‘ಒಡಕು ದನಿ’ ಗಂಟಲಿನ ದೋಷ. ‘ಕರ್ಕಶ’ ಮತ್ತೆ ತೀರ್ಪು. ‘ಬೇಸೂರು’ ಧಾರವಾಡದ ಕಡೆಯವರಿಗೆ ಚೆನ್ನಾಗಿ ಗೊತ್ತು, ಅದೂ ಅಪಸ್ವರದ ತಮ್ಮನೇ. ನಿಘಂಟಿನ ‘ಸ್ವರವೈಷಮ್ಯ’ವನ್ನು ಬಾಯಿಬಿಟ್ಟು ಹೇಳಿದವರನ್ನು ನಾನಂತೂ ಕಂಡಿಲ್ಲ. ಸದ್ಯಕ್ಕೆ ಮನಸ್ಸು ನಿಂತಿರುವುದು ‘ತಾಕಲಾಟ’ದ ಮೇಲೆ. ತಾಕುವುದರಲ್ಲಿ ಮುಟ್ಟುವುದೂ ಇದೆ, ಗುದ್ದುವುದೂ ಇದೆ, ಕೊನೆಯಲ್ಲಿ ಆಟವೂ ಇದೆ. ಯಾರು ತಪ್ಪು ಎಂದು ಅದು ಹೇಳುವುದಿಲ್ಲ. ‘ಇಷ್ಟು ಇಂಪಾದ ತಾಕಲಾಟವನ್ನು ನಾನು ಕೇಳಿದ್ದೇ ಇಲ್ಲ’. ತೊಂದರೆಯೆಂದರೆ ಈಚೆಗೆ ಈ ಪದ ಮನಸ್ಸಿನೊಳಗಿನ ಗೊಂದಲಕ್ಕೇ ಮೀಸಲಾದಂತಿದೆ. ‘ಸ್ವರಗಳ ತಾಕಲಾಟ’ ಎಂದರೆ ಸ್ವರಗಳಿಗೆ ಸಂಸಾರದ ಚಿಂತೆ ಹತ್ತಿತೇನೋ ಎನ್ನಿಸಬಾರದಲ್ಲ. ಅಥವಾ ಅನ್ನಿಸಿದರೂ ಪರವಾಗಿಲ್ಲವೇ?

‘ಸ್ವೀಟ್’ ಬಗ್ಗೆ ನನಗೆ ಅನುಮಾನವಿಲ್ಲ. ನಾಲಗೆಗೆ ಸಿಹಿ, ಮೂಗಿಗೆ ಕಂಪು, ಕಿವಿಗೆ ಇಂಪು ಎಂದು ಹಂಚಿಕೊಟ್ಟ ಭಾಷೆ ನಮ್ಮದು. ಪಂಪನಲ್ಲೂ ಕಿವಿ ಹೊಗುವುದು ‘ಇಂಪನಾಳ್ದ ಗೇಯಂ’. ‘ಸಿಹಿ ಗುಡುಗು’ ಎಂದು ಅನುವಾದಿಸಿದ್ದನ್ನು ಕಂಡರೆ ಮಿಠಾಯಿ ಅಂಗಡಿಯ ಫಲಕದ ನೆನಪಾಗುತ್ತದೆ. ‘ಥಂಡರ್’ಗೆ ಸಿಡಿಲು ಬೇಡವೇ ಬೇಡ, ಅದು ಬೀಳುವಂಥದ್ದು. ಕೇಳುವಂಥದ್ದು ಗುಡುಗು. ಆದರೆ ‘ಮೊಳಗು’ ಎಂಬುದು ಇನ್ನೂ ಒಂದು ಹೆಜ್ಜೆ ಹತ್ತಿರ ಬರುತ್ತದೆ ಎನ್ನಿಸುತ್ತದೆ, ಏಕೆಂದರೆ ಮೋಡವೂ ಮೊಳಗುತ್ತದೆ, ಶಂಖವೂ ಮೊಳಗುತ್ತದೆ. ಕರಾವಳಿಯ ಸದಸ್ಯರಿಗೆ ಹೇಳಬೇಕಾಗಿಲ್ಲ, ರಾತ್ರಿ ಗದ್ದೆಯಾಚೆಯಿಂದ ಚೆಂಡೆ ಮೊಳಗುವುದು ಕೇಳಿಸಿದರೆ ಅದು ಗುಡುಗೂ ಹೌದು, ಇಂಪೂ ಹೌದು. ‘ಇನಿಮೊಳಗು’ ಎಂದು ಸಮಾಸ ಮಾಡಿದ್ದೇನೆ. ಹಳಗನ್ನಡದ ವಾಸನೆ ಹೆಚ್ಚಾಯಿತೋ ಏನೋ. ಇಷ್ಟೆಲ್ಲ ಆದಮೇಲೆ ತಮಾಷೆಯೆಂದರೆ, ಹೆಸರು ಕನಸಿನ ನಾಟಕದ್ದು, ಆ ಹೆಸರಿನ ಮೊದಲ ತುಣುಕು ಒಥೆಲ್ಲೋನದು. ಕೆಳಸ್ಥಾಯಿಯಲ್ಲಿ ಗುರುಗುಟ್ಟುತ್ತ ಹೆಜ್ಜೆ ಹಾಕುವ ಬ್ಲೂಸ್ ಅದು. ಡೆಸ್ಡಿಮೋನಾ ಮನಸೋತದ್ದು ಒಥೆಲ್ಲೋ ಹೇಳಿದ ಕಥೆಗಳಿಗೆ. ಈ ಕಥೆ ಕೇಳಿದ್ದರೆ ನನ್ನ ಮಗಳೂ ಸೋಲುತ್ತಿದ್ದಳು ಎಂದು ವೆನಿಸಿನ ಡ್ಯೂಕ್ ನಾಟಕದಲ್ಲೇ ಒಪ್ಪಿಕೊಳ್ಳುತ್ತಾನೆ. ಒಬ್ಬ ಡ್ಯೂಕ್ ಹೇಳಿದ್ದನ್ನು ಇನ್ನೊಬ್ಬ ಡ್ಯೂಕ್ ನುಡಿಸಿ ತೋರಿಸಿದ.

ಎರಡನೆಯ ಪ್ರಶ್ನೆ ಚಿಕ್ಕದು. ರೋಮಿಯೋ–ಜೂಲಿಯೆಟ್ ತುಣುಕಿನ ಹೆಸರು ‘ದಿ ಸ್ಟಾರ್-ಕ್ರಾಸ್ಡ್ ಲವರ್ಸ್’. ಜಾನಿ ಹಾಜಸ್‌ನ ಆಲ್ಟೋ ಸ್ಯಾಕ್ಸೊಫೋನ್ ಜೂಲಿಯೆಟ್, ಪಾಲ್ ಗೊನ್ಸಾಲ್ವಿಸ್‌ನ ಟೆನರ್ ರೋಮಿಯೋ. (ಈ ರಾಗಧಾಟಿಯನ್ನು ಸ್ಟ್ರೇಹಾರ್ನ್ ಮೊದಲೇ ‘ಪ್ರೆಟಿ ಗರ್ಲ್’ ಎಂಬ ಹೆಸರಿನಲ್ಲಿ ಮಾಡಿಟ್ಟಿದ್ದ. ಹೆಸರು ಬದಲಾದ ಮೇಲೆ ಅದೇ ಸ್ವರಗಳಲ್ಲಿ ನಮಗೆ ಸಾವು ಕೇಳಿಸುತ್ತದೆ. ಹೆಸರಿಗಾಗಿ ಇಷ್ಟು ಒದ್ದಾಡುತ್ತಿರುವುದು ಸುಮ್ಮನೆ ಅಲ್ಲ.) ‘ಸಾಲಾವಳಿ ಕೂಡದ ಪ್ರೇಮಿಗಳು’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಚೆಂದವಾಗಿದೆ, ಆದರೆ ಅರ್ಥ ತಪ್ಪುತ್ತದೆ. ಸಾಲಾವಳಿ ಕೂಡದಿದ್ದರೆ ಅವಳ ನಕ್ಷತ್ರಕ್ಕೂ ಇವನ ನಕ್ಷತ್ರಕ್ಕೂ ವಿರೋಧ. ಇಲ್ಲಿ ನಕ್ಷತ್ರಗಳೆಲ್ಲ ಸೇರಿ ಇಬ್ಬರಿಗೂ ವಿರೋಧ. ಅದಕ್ಕೆ ತಕ್ಕ ಪದ ‘ಗ್ರಹಚಾರ’. ಆದರೆ ‘ಗ್ರಹಚಾರಗೆಟ್ಟ ಪ್ರೇಮಿಗಳು’ ಎಂದರೆ ಸಭೆ ನಗುತ್ತದೆ, ‘ಗ್ರಹಚಾರ ಬಿಡಿಸುತ್ತೇನೆ’ ಎಂದು ಗದರಿಸಿಕೊಂಡೇ ಬೆಳೆದವರಲ್ಲವೇ ನಾವು. ‘ತಾರೆ ಮುನಿದ ಪ್ರೇಮಿಗಳು’ ಎಂದು ಬರೆದಿಟ್ಟಿದ್ದೇನೆ. ಮುನಿಸು ಎಂಬುದು ಸಾವಿನ ಮುಂದೆ ಹಗುರವಾಯಿತೇ?

ಮೂರನೆಯದು ಎಚ್ಚರಿಕೆಗಾಗಿ. ಮಾಲಿಕೆಯಲ್ಲಿ ನಾಲ್ಕು ‘ಸಾನೆಟ್’ಗಳಿವೆ. ಪದ್ಯದಲ್ಲಿ ಹತ್ತು ಹತ್ತು ಅಕ್ಷರದ ಹದಿನಾಲ್ಕು ಸಾಲು ಇದ್ದಂತೆ, ಇಲ್ಲಿ ಹತ್ತು ಹತ್ತು ಸ್ವರದ ಹದಿನಾಲ್ಕು ನುಡಿಗಳು. ‘ಸುನೀತ’ ಎಂದುಬಿಟ್ಟೆ, ಆಗಬಹುದು. ಆದರೆ ವಿವರಣೆಯಲ್ಲಿ ‘ಹತ್ತಕ್ಷರ’ ಎಂದು ಬರೆದದ್ದನ್ನು ಅತ್ತೆ ತಾಳದ ಲೆಕ್ಕ ಎಂದು ಓದಿಕೊಂಡರು. ಆದಿತಾಳಕ್ಕೆ ಎಂಟಕ್ಷರ ಎಂದು ಎಣಿಸುವವರಿಗೆ ಅದು ಸಹಜವೇ. ತಿದ್ದಿ ‘ಹತ್ತು ಸ್ವರ’ ಮಾಡಿದೆ. ಈ ಸುನೀತಗಳ ಹೆಸರುಗಳಲ್ಲಿರುವ ಶ್ಲೇಷೆಯನ್ನು ಮುಟ್ಟಲು ಹೋಗಿಲ್ಲ. ಐದನೆಯ ಹೆನ್ರಿಯನ್ನು ಇಂಗ್ಲಿಷಿನ ಅಡ್ಡಹೆಸರಿಗೆ ಫ್ರೆಂಚಿನ ಐದನ್ನು ಗಂಟುಹಾಕಿ ‘ಹ್ಯಾಂಕ್ ಸ್ಯಾಂಕ್’ ಎಂದು ಕರೆದವನನ್ನು ಅನುವಾದಿಯೊಬ್ಬ ಏನು ಮಾಡಲು ಸಾಧ್ಯ?

ಕೊನೆಯದು ಕನಸಿನ ನಾಟಕದ ತುಂಟ ಕಿನ್ನರ ಪಕ್‌ನ ತುಣುಕು. ಇಲ್ಲಿ ಹಿಮ್ಮೇಳವೇ ಮುಮ್ಮೇಳ. ವೇಷವಿಲ್ಲ, ಮಾತಿಲ್ಲ, ವಾದ್ಯಗಳೇ ಪಾತ್ರ. ಜೋಡಿ ಜೋಡಿ ವಾದ್ಯಗಳು ಕಾಡಿನಲ್ಲಿ ದಾರಿ ತಪ್ಪಿ ಅಲೆಯುತ್ತವೆ, ಕ್ಲಾರ್ಕ್ ಟೆರ್ರಿಯ ಟ್ರಂಪೆಟ್ ಅವುಗಳನ್ನು ಕಾಡಿಸುತ್ತದೆ. ಮುಗಿಯುವಾಗ ಟ್ರಂಪೆಟ್ ನಿಜಕ್ಕೂ ಮಾತಾಡುತ್ತದೆ: ‘ಲಾರ್ಡ್, ವಾಟ್ ಫೂಲ್ಸ್ ದೀಸ್ ಮಾರ್ಟಲ್ಸ್ ಬಿ’. ಪದಗಳಿಲ್ಲ, ಆದರೆ ಸಾಲಿನ ಏರಿಳಿತವೆಲ್ಲ ಇದೆ. ಟಿಪ್ಪಣಿಯಲ್ಲಿ ಕನ್ನಡದ ಸಾಲು ಕೊಟ್ಟರೆ ಓದಿಕೊಂಡು ಕೇಳುವವರಿಗೆ ಅದೇ ಅಳತೆ ಸಿಗಬೇಕು. ಇಂಗ್ಲಿಷಿನಲ್ಲಿ ಏಳು ಅಕ್ಷರ, ಒತ್ತು ಮೊದಲಿನದರಿಂದ ಒಂದು ಬಿಟ್ಟು ಒಂದು. ನಾನು ಕೂಡಿಸಿದ್ದು: ‘ಎಂಥ ಹುಚ್ಚರೀ ಜನ’. ಏಳೇ ಅಕ್ಷರ, ಗುರು ಲಘು, ಗುರು ಲಘು, ಗುರು ಲಘು, ಕೊನೆಯದನ್ನು ಪಾದಾಂತ್ಯವೆಂದು ಎಳೆದರೆ ಗುರು. ‘ಮಾರ್ಟಲ್ಸ್’ಗೆ ‘ನರರು’ ಎಂದರೆ ಅರ್ಥ ಸರಿ, ಅಕ್ಷರ ಒಂದು ಹೆಚ್ಚು. ‘ಮರ್ತ್ಯರು’ ಎಂದರೆ ಪಕ್‌ಗೆ ಪಂಚೆ ಉಡಿಸಿದ ಹಾಗೆ. ಕಿವಿ ಇರುವವರು ಆ ತುಣುಕನ್ನು ಹಾಕಿಕೊಂಡು, ಈ ಸಾಲನ್ನು ಟ್ರಂಪೆಟ್ಟಿನ ಜೊತೆ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಬೇಕೆಂದು ವಿನಂತಿ. ನಾನು ಹೇಳುವಾಗ ‘ರೀ’ ಮತ್ತು ‘ಜ’ ನಡುವೆ ಎಲ್ಲೋ ಒಂದು ಕೂದಲೆಳೆಯಷ್ಟು ತಪ್ಪುತ್ತದೆ.

ಇನ್ನೊಂದು ಕೋರಿಕೆ. ಎಂ. ಎಲ್. ಶ್ರೀಕಂಠೇಶಗೌಡರು ಇದೇ ಕನಸಿನ ನಾಟಕವನ್ನು ‘ಪ್ರಮೀಳಾರ್ಜುನೀಯ’ವಾಗಿ ಕನ್ನಡಕ್ಕೆ ತಂದಿದ್ದಾರೆ. ಹೆಣ್ಣುನಾಡಿನ ರಾಣಿ ಹಿಪಾಲಿಟಳಿಗೆ ಸ್ತ್ರೀರಾಜ್ಯದ ಪ್ರಮೀಳೆಗಿಂತ ಒಳ್ಳೆಯ ಜೋಡಿ ಎಲ್ಲಿ ಸಿಕ್ಕೀತು! ಯಾರ ಕಪಾಟಿನಲ್ಲಾದರೂ ಅದರ ಪ್ರತಿ ಇದ್ದರೆ ಬೇಟೆಯ ಭಾಗ ತೆಗೆದು, ಗೌಡರ ನಾಯಿಗಳು ಹೇಗೆ ಕೂಗುತ್ತವೆ ಎಂದು ತಿಳಿಸಿ. ಟಿಪ್ಪಣಿಯನ್ನು ನೆರಳಚ್ಚಿಗೆ ಕೊಡುವುದು ಶುಕ್ರವಾರ ಸಂಜೆ. ಅಲ್ಲಿಯವರೆಗೆ ‘ತಾಕಲಾಟ’ವನ್ನು ಪೆನ್ಸಿಲಿನಲ್ಲೇ ಬರೆದಿಟ್ಟಿರುತ್ತೇನೆ.