ಥಾರ್‌ಗೆ ಎ/ಟಿ ಟಯರ್ ಯಾವುದು ಹಾಕುವುದು? ನಮ್ಮ ಬದಿಯ ಮಳೆಯಲ್ಲಿ ಓಡಿಸಿದವರು ಹೇಳಿ

ಹೆಬ್ರಿಯವ

ಎಲ್ಲರಿಗೂ ನಮಸ್ಕಾರ. ನನ್ನದು 2021ರ ಮಹೀಂದ್ರಾ ಥಾರ್, ಡೀಸೆಲ್, ಫೋರ್ ಬೈ ಫೋರ್. ಗಾಡಿಯೊಟ್ಟಿಗೆ ಬಂದ 255/65 ಆರ್18 ಎ/ಟಿ (ಆಲ್ ಟೆರೇನ್, ಡಾಂಬರಿಗೂ ಮಣ್ಣಿಗೂ ಆಗುವ) ಟಯರಿನಲ್ಲೇ ಇಷ್ಟರವರೆಗೆ 52,000 ಕಿ.ಮೀ. ಓಡಿಸಿದೆ. ಈಗ ಹಿಂದಿನ ಎರಡರ ಬಟನ್ (ನೆಲಕ್ಕೆ ತಾಗುವ ರಬ್ಬರ್ ಗಟ್ಟಿ) ಸವೆದು 3 ಮಿ.ಮೀ. ಉಳಿದಿದೆ, ಮುಂದಿನದ್ದು 4. ಪತ್ತನಾಜೆಯ ಒಳಗೆ, ಮಳೆ ಹಿಡಿಯುವ ಮೊದಲು, ಬದಲಿಸಬೇಕು ಅಂತ ಉಂಟು.

ಓಡಾಟ ಹೇಳ್ತೇನೆ. ವಾರದಲ್ಲಿ ಐದು ದಿನ ಹೆಬ್ರಿ–ಮಣಿಪಾಲ, ತಿಂಗಳಿಗೆ ಎರಡು ಸಲ ಮಂಗಳೂರು, ಹೆಂಡತಿಯ ತವರು ತೀರ್ಥಹಳ್ಳಿ ಆದ್ದರಿಂದ ಆಗಾಗ ಆಗುಂಬೆ ಘಾಟಿಯ ಹದಿನಾಲ್ಕು ತಿರುವು. ಲೆಕ್ಕ ಹಾಕಿದರೆ ನೂರರಲ್ಲಿ ತೊಂಬತ್ತು ಡಾಂಬರೇ. ಉಳಿದ ಹತ್ತು ನನ್ನ ಜೀವ ತಿನ್ನುವುದು. ಮೈನ್ ರೋಡಿನಿಂದ ಮನೆಗೆ ಒಂದು ಕಿ.ಮೀ. ಚಿಲ್ಲರೆ ಕೆಂಪು ಮಣ್ಣಿನ ದಾರಿ, ಮಧ್ಯೆ ಮಧ್ಯೆ ಮುರಕಲ್ಲು ತಲೆ ಎತ್ತಿದೆ. ಆಮೇಲೆ ತೋಡು ದಾಟಿ ಅಂಗಳಕ್ಕೆ ಒಂದು ಕಡಿದಾದ ಕಾಂಕ್ರೀಟ್ ಏರು.

ಕಳೆದ ಜುಲೈಯಲ್ಲಿ ಆದದ್ದು ಇದು. ಹಿಂದೆ ಎರಡು ಗೋಣಿ ಹಿಂಡಿ, ಪಕ್ಕದಲ್ಲಿ ಅಪ್ಪ. ಏರಿನ ಅರ್ಧಕ್ಕೆ ಬಂದದ್ದೇ ಹಿಂದಿನ ಚಕ್ರ ನಿಂತಲ್ಲೇ ತಿರುಗಿತು. ಬ್ರೇಕ್ ಒತ್ತಿದೆ, ನಾಲ್ಕೂ ಚಕ್ರ ಕಟ್ಟಿದರೂ ಗಾಡಿ ಮೆಲ್ಲ ಹಿಂದೆ ಹಿಂದೆ ಹೋಗ್ತಾ ಉಂಟು! ಕೊನೆಗೆ ಅಡಿಕೆ ತೋಟದ ಕಟ್ಟಪುಣಿಗೆ ಸ್ಟೆಪ್ನಿ ತಾಗಿ ನಿಂತಿತು. ಅಪ್ಪ ಅವತ್ತಿನಿಂದ, "ನಿನ್ನ ಈ ಗಾಡಿಗಿಂತ ನನ್ನ ಹಳೇ ಜೀಪೇ ಲಾಯ್ಕಿತ್ತು" ಅಂತ ಬಂದ ನೆಂಟರಿಗೆಲ್ಲ ಹೇಳುವುದು.

ಕೇಳುವುದು ಇಷ್ಟು: ಎ/ಟಿಯಲ್ಲಿ ಯಾವುದು ಒಳ್ಳೆಯದು? ಅಥವಾ ಕೆಸರಿನ ಟಯರ್ ಎಂ/ಟಿಗೇ ಹೋಗುವುದಾ? 255/70ಕ್ಕೆ, ಅಂದರೆ ಅದೇ ಅಗಲದ್ದು ಸ್ವಲ್ಪ ಎತ್ತರದ ಸೈಜಿಗೆ, ಏರಿಸಿದರೆ ಪ್ರಯೋಜನ ಉಂಟಾ? ಸದ್ಯಕ್ಕೆ ಹಿಂದಿನದ್ದು ಎರಡೇ ಹಾಕಿಸಿದರೆ ನಡೀತದಾ?

ಲುಕ್ಕು_ರಾಜ

ಎಂ/ಟಿ ಹಾಕಿ ಬ್ರೋ. ಗಾಡಿ ನೋಡ್ಲಿಕ್ಕೇ ಬೇರೆ. ಕೆಸರಲ್ಲಿ ಟ್ರ್ಯಾಕ್ಟರ್ ಹಾಗೆ ಹೋಗ್ತದೆ.

ಟಯರ್_ಮಾಮ_ಪಡೀಲ್

ಟ್ರ್ಯಾಕ್ಟರ್ ಹಾಗೆ ಕೂಗ್ತದೆ ಕೂಡ, ಅದನ್ನೂ ಹೇಳಿ ಮಾರಾಯ್ರೆ.

ಹೆಬ್ರಿಯವರೇ, ಹೆಸರು ಆಮೇಲೆ ಹೇಳುವ. ಮೊದಲು ನೀವು ಹೇಳಿ: ಗಾಳಿ ಎಷ್ಟು ಹಾಕ್ತೀರಿ? ಟಯರ್ ನಡುವಲ್ಲಿ ಸವೆದದ್ದಾ, ಅಂಚಿನಲ್ಲಾ? ಜಾರುವಾಗ 2ಎಚ್‌ನಲ್ಲಿ (ಹಿಂದಿನ ಎರಡೇ ಚಕ್ರ ಎಳೆಯುವುದು) ಇತ್ತಾ, 4ಎಚ್‌ನಲ್ಲಾ (ನಾಲ್ಕೂ ಎಳೆಯುವುದು)?

ಹೆಬ್ರಿಯವ

ಗಾಳಿ ಬಂಕಿನ ಹುಡುಗ ಹಾಕುವುದು, 40 ಪಿಎಸ್‌ಐ. ನಾನು ಯಾವತ್ತೂ ಕೇಳಲಿಲ್ಲ. ಈಗ ಹೋಗಿ ನೋಡಿದೆ, ನಡುವೆಯೇ ಹೆಚ್ಚು ಸವೆದಿದೆ. ಗೇರು 2ಎಚ್‌ನಲ್ಲೇ ಇತ್ತು. ಮನೆಯ ಬಾಗಿಲಿಗೆ ಯಾರು ಫೋರ್ ವೀಲ್ ಹಾಕ್ತಾರೆ ಮಾಮ?

ಟಯರ್_ಮಾಮ_ಪಡೀಲ್

ನಾನು ಎಣಿಸಿದ್ದೇ. ಇಪ್ಪತ್ತೇಳು ವರ್ಷ ಟಯರ್ ಬಿಚ್ಚಿದ ಕೈ ಇದು, ನಡು ಸವೆದ ಟಯರ್ ತಂದವನ ಹತ್ತಿರ ಗಾಳಿ ಎಷ್ಟು ಅಂತ ಕೇಳುವ ಅಗತ್ಯವೇ ಇಲ್ಲ. ಗಾಳಿ ಜಾಸ್ತಿ ಆದರೆ ಟಯರ್ ಉಬ್ಬಿ ನಡುವೆ ಮಾತ್ರ ನೆಲ ಮುಟ್ಟುವುದು. ದುಡ್ಡು ಕೊಟ್ಟದ್ದು 255 ಮಿ.ಮೀ. ಅಗಲಕ್ಕೆ, ಓಡಿಸಿದ್ದು ಅದರಲ್ಲಿ ಸ್ವಲ್ಪವನ್ನೇ. ಡ್ರೈವರ್ ಬಾಗಿಲಿನ ಹತ್ತಿರ ಚೀಟಿ ಉಂಟು, ಅದರಲ್ಲಿ ಬರೆದಷ್ಟೇ ಹಾಕಿ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಬೇಕು. ನಿಮ್ಮದೇ ಒಂದು ಗೇಜು ಇಟ್ಟುಕೊಳ್ಳಿ.

ಈಗ ಎಂ/ಟಿ ವಿಷಯ. ಕೆಸರಿನ ಟಯರಿನಲ್ಲಿ ಬಟನ್ ದೊಡ್ಡದು, ಬಟನಿನ ನಡುವೆ ಜಾಗವೂ ದೊಡ್ಡದು. ಕೆಸರು ತುಂಬಿದರೂ ಚಕ್ರ ತಿರುಗುವಾಗ ಎಸೆದು ಹೋಗ್ತದೆ, ಅದು ಅದರ ಗುಣ. ಆದರೆ ಡಾಂಬರಿಗೆ ತಾಗುವ ರಬ್ಬರ್ ಅಷ್ಟು ಕಡಿಮೆ ಆಯಿತಲ್ಲ? ಒದ್ದೆ ರೋಡಿನಲ್ಲಿ ಬ್ರೇಕ್ ಹೊಡೆದರೆ ಗಾಡಿ ನಿಲ್ಲುವ ದೂರ ಹೆಚ್ಚಾಗ್ತದೆ. ನೀವು ತೊಂಬತ್ತು ಪಾಲು ಡಾಂಬರಿನವರು, ಅದೂ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಬುಡದವರು. ನಿಮಗೆ ಬೇಕಾದ್ದು ಬಟನಿನ ಮೈಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳು ಇರುವ ಟಯರ್. ಇಂಗ್ಲಿಷಿನಲ್ಲಿ ಸೈಪ್ ಅಂತಾರೆ. ದೊಡ್ಡ ಕಾಲುವೆ ನೀರನ್ನು ಹೊರಗೆ ದೂಡ್ತದೆ, ಉಳಿದ ತೆಳು ಪೊರೆಯನ್ನು ಒರೆಸುವುದು ಈ ಸೀಳು. ಅಂಗಡಿಗೆ ಹೋದರೆ ಸೈಡಿನ ಅಕ್ಷರ ನೋಡಿ ಮರುಳಾಗಬೇಡಿ. ಟಯರನ್ನು ಮಲಗಿಸಿ ಉಗುರು ಹಾಕಿ ನೋಡಿ, ಸೀಳು ಬುಡದವರೆಗೆ ಉಂಟಾ, ಮೇಲೆ ಮೇಲೆ ಮಾತ್ರವಾ ಅಂತ. ಮೇಲೆ ಮಾತ್ರ ಇದ್ದರೆ ಅರ್ಧ ಸವೆಯುವಾಗ ಸೀಳೂ ಹೋಗಿ ಟಯರ್ ಬೋಳು ಕಲ್ಲಿನ ಹಾಗೆ ಆಗ್ತದೆ.

ಹೆಸರು ಕೇಳಿದಿರಿ. ಯೊಕೊಹಾಮಾ ಜಿಯೊಲ್ಯಾಂಡರ್ ಎ/ಟಿ ಜಿ015ರಲ್ಲಿ ಸೀಳು ಧಾರಾಳ, ಎ/ಟಿಗಳ ಪೈಕಿ ಸದ್ದೂ ಕಡಿಮೆ. ಡಾಂಬರು ಹೆಚ್ಚು ಓಡಿಸುವವರಿಗೆ ಹೇಳಿ ಮಾಡಿಸಿದ್ದು. ಅಪೋಲೊ ಆಪ್ಟೆರಾ ಎಟಿ2, ಸಿಯೆಟ್ ಜಾರ್ ಎ/ಟಿ ಎರಡೂ ನಮ್ಮ ದೇಶದ ಕಂಪನಿಯದ್ದು. ದಾರಿಯಲ್ಲಿ ಒಂದು ಹರಿದರೂ ಅಂಥದ್ದೇ ಇನ್ನೊಂದು ಹುಡುಕಲಿಕ್ಕೆ ಅಷ್ಟು ಕಷ್ಟ ಇಲ್ಲ. ಇದು ಸಣ್ಣ ವಿಷಯ ಅಲ್ಲ, ಯಾಕೆ ಅಂತ ಕೆಳಗೆ ಹೇಳ್ತೇನೆ. ಬಿಎಫ್‌ಗುಡ್‌ರಿಚ್ ಕೆಒ2ರ ಸೈಡ್‌ವಾಲ್ ಗಟ್ಟಿ, ಕಲ್ಲಿಗೆ ಜಪ್ಪಯ್ಯ ಅನ್ನುವುದಿಲ್ಲ. ಆದರೆ ತೂಕ ಜಾಸ್ತಿ, ಸ್ಟೇರಿಂಗಿನಲ್ಲೂ ಮೈಲೇಜಿನಲ್ಲೂ ಗೊತ್ತಾಗ್ತದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಯರ್ ಆಮದಿಗೆ ಕಡಿವಾಣ ಹಾಕಿದ ಮೇಲೆ ಹೊರದೇಶದ್ದು ಬೇಕಾದಾಗ ಬೇಕಾದ ಸೈಜಿನಲ್ಲಿ ಸಿಗುವುದೂ ಕಷ್ಟ ಆಯಿತು.

ಹಿಮದ ಗುರುತು, ಮೂರು ಶಿಖರದ ಚಿತ್ರ ಇರುವ ಟಯರೇ ಬೇಕು ಅಂತ ಕೆಲವರು ಹಟ ಹಿಡಿಯುವುದುಂಟು. ಅದು ಹಿಮದ ಮೇಲೆ ಪರೀಕ್ಷೆ ಮಾಡಿ ಕೊಟ್ಟ ಗುರುತು. ನಮ್ಮಲ್ಲಿ ರೋಡಿಗೆ ಬೀಳುವ ಹಿಮ ಅಂದರೆ ಮಲ್ಪೆಯ ಐಸ್ ಗಾಡಿಯಿಂದ ಬಿದ್ದದ್ದು ಮಾತ್ರ!

ಎರಡೇ ಹಾಕುವ ಯೋಚನೆ ಬಿಡಿ. ಹೊಸತರಲ್ಲಿ ಬಟನ್ 10 ಮಿ.ಮೀ. ಉಂಟು ಅಂತ ಇಟ್ಟುಕೊಳ್ಳಿ, ನಿಮ್ಮ ಮುಂದಿನದ್ದು 4. ಒಂದು ಸುತ್ತಿಗೆ ಹತ್ತಿರ ಹತ್ತಿರ 38 ಮಿ.ಮೀ. ವ್ಯತ್ಯಾಸ. ನೂರು ಮೀಟರ್ ಹೋಗುವಾಗ ಒಂದೂವರೆ ಮೀಟರ್ ಆಯಿತು. 2ಎಚ್‌ನಲ್ಲಿ ತೊಂದರೆ ಇಲ್ಲ. 4ಎಚ್ ಹಾಕಿದರೆ ನಿಮ್ಮ ಗಾಡಿಯಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಟ್ಟಿಗೆ ಕಟ್ಟಿದ ಹಾಗೆ, ಮಧ್ಯದಲ್ಲಿ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಆ ಒಂದೂವರೆ ಮೀಟರಿನ ಜಗಳ ಪೂರ್ತಿ ಎರಡೂ ಆಕ್ಸಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಒಳಗೆ. ಹಾಕಿದರೆ ನಾಲ್ಕೂ ಹಾಕಿ, ಒಂದೇ ಹೆಸರಿನದ್ದು. ಸ್ಟೆಪ್ನಿಯನ್ನೂ ಸೇರಿಸಿ 8,000 ಕಿ.ಮೀ.ಗೊಮ್ಮೆ ತಿರುಗಿಸಿ. ನಿಮ್ಮ ಸ್ಟೆಪ್ನಿ ಐದು ವರ್ಷದಿಂದ ಹಿಂದಿನ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಾ ಕೂತಿದೆ ಅಂತ ಕಾಣ್ತದೆ.

255/70 ಹಾಕಿದರೆ ಗಾಡಿ ಏರುವುದು 13 ಮಿ.ಮೀ., ಒಂದು ಬೆರಳಿನ ದಪ್ಪ. ಮೀಟರ್ 80 ತೋರಿಸುವಾಗ ನಿಜವಾಗಿ ಎರಡೂವರೆ ಕಿ.ಮೀ. ಹೆಚ್ಚು ಓಡ್ತಾ ಇರ್ತೀರಿ. ಗೇರೂ ಅಷ್ಟು ಭಾರ ಆಗ್ತದೆ. ನಿಮ್ಮ ಏರಿಗೆ ಅದು ಉಲ್ಟಾ.

ಕೊನೆಗೆ, ಸೈಡ್‌ವಾಲಿನ ನಾಲ್ಕು ಅಂಕಿ ಓದಿ. 0826 ಅಂದರೆ 2026ರ ಎಂಟನೇ ವಾರ. ನಾಲ್ಕೂ ಟಯರಿಗೆ ಬೇರೆ ಬೇರೆ ವರ್ಷ ಇದ್ದರೆ ತೆಗೊಳ್ಳಬೇಡಿ. ಬಿಲ್ಲನ್ನೂ ನೋಡಿ, 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ.

ಸುರತ್ಕಲ್_ಮೆಕ್ಯಾನಿಕಲ್

ಮಾಮ ಹೇಳಿದ್ದಕ್ಕೆ ಒಂದು ಬಾಲ. ಗಾಳಿ ಜಾಸ್ತಿ ಕೆಟ್ಟದ್ದು ಅಂತ ಪೂರ್ತಿ ಇಳಿಸಿಯೂ ಓಡಿಸಬೇಡಿ. ಟಯರ್ ನೀರಿನ ಮೇಲೆ ತೇಲುವ ವೇಗಕ್ಕೆ ನಾಸಾದವರು 1960ರ ದಶಕದಲ್ಲಿ ವಿಮಾನದ ಟಯರಿಗಾಗಿ ಒಂದು ಲೆಕ್ಕ ಕೊಟ್ಟಿದ್ದರು: ಗಾಳಿಯ ಪಿಎಸ್‌ಐ ವರ್ಗಮೂಲಕ್ಕೆ 9ರಿಂದ ಗುಣಿಸಿದರೆ ನಾಟ್‌ನಲ್ಲಿ ವೇಗ. 32 ಪಿಎಸ್‌ಐ ಇದ್ದರೆ ಗಂಟೆಗೆ 94 ಕಿ.ಮೀ. ಆಯಿತು, 22ಕ್ಕೆ ಇಳಿಸಿದರೆ 78. ಒಳ್ಳೆ ಬಟನ್ ಇದ್ದು, ನೀರು ತೆಳು ಇದ್ದರೆ ಇದಕ್ಕಿಂತ ಮೇಲೂ ತಡೆದೀತು, ಅದು ಬೇರೆ. ಆದರೆ ಮಣ್ಣಿಗೆ ಅಂತ ಗಾಳಿ ತೆಗೆದು ಹಾಗೆಯೇ ಹೆದ್ದಾರಿ 66ರಲ್ಲಿ ಬಿಡುವವರು ನನ್ನ ಹಾಸ್ಟೆಲಿನಲ್ಲೇ ಇಬ್ಬರಿದ್ದರು.

ಕಾರ್ಕಳದ_ದನದ_ಡಾಕ್ಟ್ರು

ನಾನು ಜಿಮ್ನಿ ಓಡಿಸುವವಳು. ಮಳೆಗಾಲದಲ್ಲಿ ಬೆಳಗಾದರೆ ಯಾರದ್ದೋ ಹಟ್ಟಿಯ ಬಾಗಿಲಲ್ಲಿ ಇರ್ತೇನೆ. ಕಂಪನಿಯ 195/80 ಆರ್15 ಎಚ್/ಟಿ (ಡಾಂಬರಿನ ಟಯರ್) ತೆಗೆದು 215/75 ಆರ್15 ಎ/ಟಿ ಹಾಕಿಸಿದೆ. ಎತ್ತರದಲ್ಲಿ ವ್ಯತ್ಯಾಸ ಒಂದು ಸೆಂಟಿಮೀಟರ್ ಅಷ್ಟೆ, ಹಾಗಾಗಿ ಗೇರಿಗೆ ತೊಂದರೆ ಆಗಲಿಲ್ಲ. ಸದ್ದು ಮೊದಲ ವಾರ ತಲೆ ತಿಂತು, ಈಗ ಅಭ್ಯಾಸ. ಮೈಲೇಜ್ ಲೀಟರಿಗೆ ಒಂದು ಕಿ.ಮೀ. ಹೋಯಿತು, ಅದು ಅಭ್ಯಾಸ ಆಗಲಿಲ್ಲ.

ಒಂದು ಸಲ ನಾನೇ ಮಾಡಿಕೊಂಡ ಕೆಲಸ ಹೇಳ್ತೇನೆ. ಗದ್ದೆ ಬದಿಯಲ್ಲಿ ಗಬ್ಬದ ದನ, ಕರು ಅಡ್ಡ ಸಿಕ್ಕಿಕೊಂಡಿತ್ತು. ಕೆಸರು ದಾಟಲಿಕ್ಕೆ ಗಾಳಿ ಮೂರರಲ್ಲಿ ಒಂದು ಪಾಲು ಇಳಿಸಿದೆ. ಹೋಗುವಾಗ ಬೆಣ್ಣೆಯ ಹಾಗೆ ಹೋಯಿತು. ಕರು ಬದುಕಿದ ಖುಷಿಯಲ್ಲಿ ವಾಪಸ್ ಗಾಳಿ ತುಂಬಿಸುವುದೇ ಮರೆತೆ. ಮೈನ್ ರೋಡಿಗೆ ಹತ್ತುವಲ್ಲಿ ಯಾರೋ ಕಡಿದು ಬಿಟ್ಟ ಮುರಕಲ್ಲಿನ ಅಂಚು, ಗಾಳಿ ಇಲ್ಲದೆ ಹೊಟ್ಟೆ ಹೊರಗೆ ಬಂದಿದ್ದ ಟಯರಿನ ಸೈಡಿಗೆ ನಾಲ್ಕು ಬೆರಳು ಸೀಳು. ಬಟನಿನ ಜಾಗದಲ್ಲಿ ತೂತಾದರೆ ಮಶ್ರೂಮ್ ಪ್ಯಾಚ್ ಹಾಕಬಹುದು, ಸೈಡ್‌ವಾಲ್ ಹೋದರೆ ಟಯರೇ ಹೋದ ಲೆಕ್ಕ. ಈಗ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಕಂಪ್ರೆಸರ್ ಔಷಧಿ ಪೆಟ್ಟಿಗೆಯ ಪಕ್ಕದಲ್ಲೇ ಉಂಟು.

ಮತ್ತೆ, ಮೀನಿನ ಲಾರಿಯ ಹಿಂದೆ ಹೋಗುವಾಗ ಜಾಗ್ರತೆ. ಆ ನೀರು ಬಿದ್ದ ರೋಡಿನಲ್ಲಿ ಮೊದಲ ಮಳೆ ಹನಿ ಬಿದ್ದಾಗ ಎ/ಟಿಯೂ ಒಂದೇ, ಬಿ/ಟಿಯೂ ಒಂದೇ.

ಕುಂದಾಪ್ರದ_ಹೈದ

ಹ್ವಾಯ್, ಎಲ್ಲರೂ ಟಯರ್ ಟಯರ್ ಅಂತ್ರಿ, ಆ ಕಾಂಕ್ರೀಟ್ ಒಂದ್ ಸಲ ಕಾಣಿ. ಜುಲೈಯಂಗೆ ಪಾಚಿ ಹಿಡ್ದಿರತ್ತಲೆ? ಬ್ರೇಕ್ ಒತ್ತಿದ್ರೂ ಹಿಂದ್ ಹೋಯ್ತ್ ಅಂದ್ರೆ ಅದ್ ಪಾಚಿಯೇ. ಅದ್ರ ಮೇಲೆ ಯಾವ್ ಟಯರೂ ನಿಲ್ಲುದಿಲ್ಲೆ. ನಮ್ಮನಿ ಏರ್ ಹೀಂಗೇ ಇದ್ದಿತ್ತ್, ಮಗ್ಳ್ ಸ್ಕೂಟಿ ಬಿದ್ದದ್ದ್ ಅಲ್ಲೇ. ಈಗ ಮಳಿ ಶುರು ಆದ್ಮೇಲೆ ಒಂದ್ ಸಲ, ಆಸಾಡಿಯಂಗ್ ಒಂದ್ ಸಲ ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಂಗೆ ತಿಕ್ಕುದು. ನಿಮ್ ಅಪ್ಪಯ್ಯನ ಜೀಪಿನ್ ಕಾಲ್ದಂಗೆ ಅಲ್ಲಿ ಕಾಂಕ್ರೀಟ್ ಇದ್ದಿತ್ತಾ ಕೇಣಿ.

ಕಾರ್ಕಳದ_ದನದ_ಡಾಕ್ಟ್ರು

ಹೈದ ಹೇಳಿದ್ದು ಸರಿ. ಆದರೆ ಕೆಳಗೆ ತೋಡು ಉಂಟು ಅಂದಿದ್ದಾರೆ, ಬ್ಲೀಚಿಂಗ್ ನೀರು ಅದಕ್ಕೆ ಹೋದರೆ ಮೀನು ಸಾಯ್ತದೆ, ದನ ನೀರು ಕುಡಿಯುವುದೂ ಅಲ್ಲೇ ಇರಬಹುದು. ತಂತಿ ಬ್ರಶ್ಶಿನಲ್ಲಿ ತಿಕ್ಕಿಸಿ. ಸಾಧ್ಯ ಆದರೆ ಕಾಂಕ್ರೀಟಿಗೆ ಗೀರು ಹಾಕಿಸಿ.

ಹೆಬ್ರಿಯವ

ಆರು ವಾರ ಆಯಿತು, ಬರೆಯದಿದ್ದರೆ ಮಾಮ ಬೈತಾರೆ.

ಹೈದರೇ, ಅಪ್ಪನ ಹತ್ತಿರ ಕೇಳಿದೆ. ಜೀಪು ಮಾರಿದ್ದು 2009ರಲ್ಲಿ, ಕಾಂಕ್ರೀಟ್ ಹಾಕಿಸಿದ್ದು 2012ರಲ್ಲಿ. ಮೊದಲು ಅಲ್ಲಿ ಮುರಕಲ್ಲಿನ ಚೂರು ಹಾಸಿದ್ದಂತೆ. ಇದನ್ನು ಕೇಳಿದ ಮೇಲೆ ಅಪ್ಪ ಒಂದು ದಿನ ಸುಮ್ಮನಿದ್ದರು.

ಮಂಗಳೂರಿನಲ್ಲಿ ಎರಡು ಅಂಗಡಿ ಸುತ್ತಿ, ಟಯರ್ ಮಲಗಿಸಿ ಉಗುರು ಹಾಕಿ ನೋಡಿದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು, ಪರವಾಗಿಲ್ಲ. ಒಂದೇ ವಾರದಲ್ಲಿ ತಯಾರಾದ ನಾಲ್ಕು ಒಟ್ಟಿಗೆ ಸಿಕ್ಕಿದ್ದು ಗಾಡಿಯೊಟ್ಟಿಗೆ ಬಂದಿದ್ದ ಸಿಯೆಟ್ ಜಾರ್ ಎ/ಟಿಯೇ, ಅದೇ 255/65. ಅದನ್ನೇ ಹಾಕಿಸಿದೆ. ಎಂ/ಟಿ ದೊಡ್ಡ ಸೈಜ್ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಕಟ್ಟಿಂಗ್ ಮಿಶಿನಿನವರನ್ನು ಕರೆಸಿ ಏರಿನ ಉದ್ದಕ್ಕೂ ಗೇಣಿಗೊಂದು ಓರೆ ಗೀರು ಹಾಕಿಸಿದೆ, ನೀರು ಪಕ್ಕದ ಚರಂಡಿಗೆ ಇಳಿಯುವ ಹಾಗೆ. ಗಾಳಿ ಈಗ ಚೀಟಿಯಲ್ಲಿ ಇದ್ದಷ್ಟು. ಏರಿನ ಬುಡದಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು) ಹಾಕ್ತೇನೆ, ಅಂಗಳ ಬಂದ ಕೂಡಲೇ ತೆಗೀತೇನೆ.

ನಿನ್ನೆ ರಾತ್ರಿಯಿಡೀ ಜಡಿಮಳೆ. ಬೆಳಿಗ್ಗೆ ಅಪ್ಪನನ್ನು ಕೂರಿಸಿಕೊಂಡು, ಅವತ್ತಿನ ಹಾಗೆಯೇ ಎರಡು ಗೋಣಿ ಹಿಂಡಿ ಹಾಕಿಕೊಂಡು ಹತ್ತಿಸಿದೆ. ಗಾಡಿ ಮಧ್ಯದಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿದೆ. ಅಲ್ಲಾಡಲಿಲ್ಲ. ಅಪ್ಪ ಇಳಿದು ಕೊಡೆ ಹಿಡಿದು ಟಯರಿನ ಸುತ್ತ ಒಂದು ಸುತ್ತು ಬಂದರು. "ಹೆಸರೆಂತ ಇದರದ್ದು?" ಕೇಳಿದರು. ಹೇಳಿದೆ.

"ಜಾರ್ ಅಂತ ಹೆಸರಿಟ್ಟ ಟಯರನ್ನು ದುಡ್ಡು ಕೊಟ್ಟು ಎರಡನೇ ಸಲ ತಂದೆಯಾ?" ಅಂದರು. ಈಗ ನೆಂಟರಿಗೆ ಅದನ್ನೇ ಹೇಳುವುದು.